ಮಾಸ್ಟ್ರು ಬರೆದ ಸೊನ್ನೆ

ಮಾಸ್ಟ್ರು ತೀರಿಕೊಂಡು ನಾಲ್ಕು ತಿಂಗಳಾದವು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆಂಧ್ರದ ಗಡಿಯೊಳಗಿನ ರಾಯದುರ್ಗದಲ್ಲಿ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಜೀನ್ಸ್ ಹೊಲಿಯುವ ಓಣಿಗಳಲ್ಲಿ ಕಟಿಂಗ್ ಮಾಸ್ಟ್ರು ಅಂದರೆ ಮಾತ್ರ ಜನ ಬೆರಳು ತೋರಿಸಿ ಮನೆ ಹೇಳುತ್ತಿದ್ದರು. ಅವರ ಬಗ್ಗೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಸತ್ತವರು ಸರಳ ಜೀವಿ, ಸಜ್ಜನ, ಶ್ರಮಜೀವಿ ಎಂದು ನಾಲ್ಕು ಮಾತು ಹೇಳಿ ಹಾರ ಹಾಕಿ ಕೈ ತೊಳೆದುಕೊಳ್ಳುವ ಬರಹಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಬಾಯಿ ಬಿಟ್ಟು ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ.

ನನ್ನದು ಕಂಪ್ಯೂಟರಿನ ಕೆಲಸ. ಉಪಗ್ರಹ ತೆಗೆದ ಚಿತ್ರಗಳನ್ನು ಮುಂದಿಟ್ಟುಕೊಂಡು ಯಾವ ಊರಿನ ಸೀಮೆಯಲ್ಲಿ ಎಷ್ಟು ನೆಲದ ಮೇಲೆ ಮರವಿದೆ ಎಂದು ಲೆಕ್ಕ ಹಾಕಿ ನಕ್ಷೆ ಮಾಡುವುದು. ಚಿತ್ರವನ್ನು ಹಿಗ್ಗಿಸಿದರೆ ಮರ ಕಾಣುವುದಿಲ್ಲ, ಬರೀ ಬಣ್ಣದ ಚೌಕಗಳು. ಒಂದೊಂದು ಚೌಕವೆಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಅದರಲ್ಲಿ ನಿಜಕ್ಕೂ ಏನಿದೆ ಎಂದು ಅಲ್ಲಿಗೇ ಹೋಗಿ ನಿಂತು ನೋಡಿ ಬರುವ ಮನುಷ್ಯ ಬೇಕು. ಅವನು ತಂದ ಕೆಲವೇ ಚೌಕಗಳ ಸುದ್ದಿಯಿಂದ ಕಂಪ್ಯೂಟರು ಕಲಿತುಕೊಂಡು ಉಳಿದದ್ದನ್ನೆಲ್ಲ ತಾನೇ ಗುರುತಿಸುತ್ತದೆ. ಹಾಗಾಗಿ ಆ ಮನುಷ್ಯ ಒಂದು ಕಡೆ ತಪ್ಪು ಬರೆದರೆ, ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ. ನಮ್ಮ ಸಂಸ್ಥೆ ರಾಯದುರ್ಗದಲ್ಲಿ ಒಂದು ಬಾಡಿಗೆ ಮನೆ ಹಿಡಿದು ಅಂಥ ಮನುಷ್ಯನಿಗಾಗಿ ಹುಡುಕುತ್ತಿದ್ದಾಗ ಬಂದವರು ಮಾಸ್ಟ್ರು.

ಐವತ್ತು ದಾಟಿದ ವಯಸ್ಸು. ಕೊರಳಲ್ಲಿ ಟೇಪು. ಬಟ್ಟೆ ಕತ್ತರಿಸುವ ಯಂತ್ರ ಬಂದ ಮೇಲೆ ಅವರಿದ್ದ ಕಾರ್ಖಾನೆಯಲ್ಲಿ ಕೈಕೆಲಸದ ಮಾಸ್ಟ್ರು ಬೇಡವಾಗಿದ್ದರು.

"ಮರಗಳ ಬಗ್ಗೆ ಏನು ಗೊತ್ತು?" ಅಂದೆ.

"ಮರ ಅಷ್ಟು ಗೊತ್ತಿಲ್ರಿ ಮೇಡಂ. ಅಳತಿ ಗೊತ್ತು."

ನನಗೆ ನಗು ಬಂತು. ಬಾಗಿಲ ಮುಂದಿನ ಬೇವಿನ ಮರ ತೋರಿಸಿ, ಇದರ ಅಗಲ ಎಷ್ಟು ಹೇಳಿ ನೋಡೋಣ ಅಂದೆ. ಅವರು ಮರದ ಬುಡದ ಕಡೆ ನೋಡಲೇ ಇಲ್ಲ. ಕತ್ತು ಮೇಲೆತ್ತಿ, ಎಲೆಗಳು ಎಲ್ಲಿ ಮುಗಿದು ಆಕಾಶ ಶುರುವಾಗುತ್ತದೋ ಅದರ ಕೆಳಗೇ ಒಂದು ಸುತ್ತು ನಡೆದು ಬಂದರು. ಅವರು ಹೇಳಿದ ಅಗಲಕ್ಕೂ ನಾವು ಆಮೇಲೆ ಟೇಪು ಹಿಡಿದು ಕಂಡುಕೊಂಡ ಅಗಲಕ್ಕೂ ಒಂದೇ ಒಂದು ಗೇಣಿನ ವ್ಯತ್ಯಾಸವಿತ್ತು. ಬಟ್ಟೆಯ ಥಾನು ಬಿಚ್ಚಿ ಹಾಸಿದರೆ ಎಷ್ಟು ಪ್ಯಾಂಟು ಬರುತ್ತದೆ ಎಂದು ನೋಡಿಯೇ ಹೇಳುವ ಕಣ್ಣು ಅದು. ಅವತ್ತೇ ಕೆಲಸಕ್ಕೆ ಸೇರಿಸಿಕೊಂಡೆವು.

ಮರದ ಮೇಲ್ಭಾಗದ ಆ ಹರವಿಗೆ ನಮ್ಮ ಹಾಳೆಗಳಲ್ಲಿ 'ಕೆನಪಿ' ಎಂದು ಅಚ್ಚಾಗಿತ್ತು. ಮಾಸ್ಟ್ರು ಅದನ್ನು ಛತ್ರಿ ಅಂದರು. ತಿಂಗಳು ಕಳೆಯುವುದರಲ್ಲಿ ಕಚೇರಿಯಲ್ಲಿ ನಾವೆಲ್ಲ ಛತ್ರಿ ಅನ್ನತೊಡಗಿದೆವು. ಮೂಡಲ ಪಡುವಲ ಒಂದು ಅಳತೆ, ಬಡಗಲ ತೆಂಕಲ ಒಂದು ಅಳತೆ ಸಾಕು ಎಂದು ಎಷ್ಟು ಸಲ ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಛತ್ರಿಯ ನಡುವೆ ತೂತಿದ್ದರೆ ಅದನ್ನೂ ಅಳೆದು ಕಳೆಯುವರು. ಹಾಳೆಯ ಹಿಂಬದಿಗೆ ಒಂದೊಂದು ಮರದ ಆಕಾರವನ್ನೂ ಪೆನ್ಸಿಲಿನಲ್ಲಿ ಬರೆಯುವರು. ಬರೆಯುವ ಮುಂಚೆ ಅಂಗೈಯಿಂದ ಹಾಳೆಯ ಸುಕ್ಕು ಸವರುವರು. ಒಮ್ಮೆ ನನ್ನ ಕಂಪ್ಯೂಟರಿನ ಪರದೆಯನ್ನೂ ಹಾಗೆ ಸವರಿ ನನ್ನಿಂದ ಬೈಸಿಕೊಂಡರು.

ಇನ್ನೊಂದು ಹಟವಿತ್ತು. ಬಿಸಿಲು ಎಷ್ಟೇ ಇರಲಿ, ಅಳೆಯದ ಮರದ ನೆರಳಿನಲ್ಲಿ ಕೂರುತ್ತಿರಲಿಲ್ಲ. ಗುಮ್ಮಘಟ್ಟದ ಕಡೆ ಒಂದು ಮಧ್ಯಾಹ್ನ ನನಗೆ ತಲೆ ಸುತ್ತಿ ಹುಣಸೆ ಮರದ ಕೆಳಗೆ ಧೊಪ್ಪನೆ ಕೂತರೆ, ಈ ಮನುಷ್ಯ ಟೇಪು ಹಿಡಿದು ಬಿಸಿಲಲ್ಲಿ ಸುತ್ತು ಹಾಕುತ್ತಿದ್ದಾರೆ. "ಬನ್ನಿ ಮಾಸ್ಟ್ರೇ, ಮರ ಎಲ್ಲಿಗೂ ಓಡಿಹೋಗಲ್ಲ" ಅಂದೆ. "ಕುಂತು ಎದ್ದ ಮ್ಯಾಲ ಮರ ದೊಡ್ಡದು ಕಾಣತೈತ್ರಿ. ಉಪಕಾರ ತಗಂಡು ಅಳತಿ ಮಾಡಬಾರದು" ಅಂದರು.

ಗುಮ್ಮಘಟ್ಟದಲ್ಲೇ ಅವರಿಗೂ ನನಗೂ ಮೊದಲ ಜಗಳ. ಬೀಳು ಹೊಲಗಳ ತುಂಬ ಬಳ್ಳಾರಿ ಜಾಲಿ ಹಬ್ಬಿತ್ತು. ಉಪಗ್ರಹದ ಚಿತ್ರದಲ್ಲಿ ಅದು ದಟ್ಟ ಹಸಿರು. ಇದನ್ನೂ ಛತ್ರಿಯೆಂದು ಬರೆಯಬೇಕು ಅಂದಾಗ ಅವರು ಮುಳ್ಳು ಚುಚ್ಚಿದ ಕೈ ತೋರಿಸಿ, "ಇದರ ಕೆಳಗ ಒಂದು ಕುರಿ ನಿಲ್ಲಾಕ ಬರಂಗಿಲ್ಲ, ಇದೂ ಮರಾನ ಏನ್ರಿ?" ಅಂದರು. ಮೇಲಿನಿಂದ ಹಸಿರು ಕಂಡರೆ ಬರೆಯಿರಿ, ಕೆಳಗೆ ಯಾರು ನಿಲ್ಲುತ್ತಾರೆ ಅನ್ನುವುದು ನಮ್ಮ ಕೆಲಸವಲ್ಲ ಎಂದೆ. ಅವರು ಬರೆದರು. ನನ್ನ ಮಾತನ್ನು ಅವರು ಯಾವತ್ತೂ ತೆಗೆದುಹಾಕಿದವರಲ್ಲ. ನನ್ನ ಸಿಟ್ಟೋ, ಮೂಗಿನ ತುದಿಯಲ್ಲೇ ಇರುತ್ತಿತ್ತು.

ಈಗ ಮಡಕಶಿರಾದ ವಿಷಯ.

ಗುಡಿಬಂಡೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕಲ್ಲು ಗುಡ್ಡ. ಅದರ ಇಳಿಜಾರಿನಲ್ಲಿ ಮುನ್ನೂರಕ್ಕೂ ಹೆಚ್ಚು ಕಮರದ ಮರಗಳು. ಕಮರ ನಮ್ಮ ಸೀಮೆಯ ಗಟ್ಟಿ ಜೀವ, ಬಂಡೆಯ ಸಂದಿಯಲ್ಲೂ ಬೇರಿಳಿಸಿ ಬದುಕುತ್ತದೆ. ಬೇಸಿಗೆಯಲ್ಲಿ ಎಲ್ಲೂ ಹುಲ್ಲಿಲ್ಲದಾಗ ಅದು ಚಿಗುರಿ ನಿಲ್ಲುತ್ತದೆ. ಕುರಿಯವರು ಆಗ ಕೊಂಬೆ ಸವರಿ ಸೊಪ್ಪು ಹಾಕಿ ಮಂದೆ ಉಳಿಸಿಕೊಳ್ಳುತ್ತಾರೆ. ಮರ ಸಾಯುವುದಿಲ್ಲ, ಮಳೆಗೆ ಮತ್ತೆ ಮೈದುಂಬಿಕೊಳ್ಳುತ್ತದೆ. ಅಜ್ಜನ ಕಾಲದಿಂದ ಹೀಗೇ ನಡೆದು ಬಂದಿದೆ. ಮಾಸ್ಟ್ರು ಅಲ್ಲಿಗೆ ಹೋದದ್ದು ಮೇ ತಿಂಗಳಲ್ಲಿ, ಕುರಿಯವರು ಸವರಿ ಮುಗಿಸಿದ ವಾರ. ಗುಡ್ಡದ ತುಂಬ ಬೋಳು ಕಾಂಡಗಳು.

ಅಲ್ಲಿಂದ ನನಗೆ ಫೋನು ಮಾಡಿದರು.

"ಮೇಡಂ, ಇಲ್ಲಿ ಮರ ಅದಾವ್ರಿ, ಛತ್ರಿ ಇಲ್ಲ. ಸೊಪ್ಪು ಕಡಕಂಡು ಹೋಗ್ಯಾರ. ಏನು ಬರೀಲಿ?"

ನಕ್ಷೆ ಒಪ್ಪಿಸಲು ನನಗೆ ನಾಲ್ಕು ದಿನ ಉಳಿದಿತ್ತು. ಬೆಳಗಿನಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು. "ಎಲೆ ಇಲ್ಲ ಅಂದ ಮೇಲೆ ಸೊನ್ನೆ ಬರೆಯಿರಿ" ಅಂದೆ.

"ಹಾಳ್ಯಾಗ ಬೋಳು ಮರಕ್ಕ ಬ್ಯಾರೆ ಕಾಲಂ ಐತಲ್ರಿ. ಟೊಂಗಿ ಅಗಲ ಬರೀರಿ ಅಂತ ನೀವ ಹಾಕೀರಿ."

"ಒಂದೊಂದಕ್ಕೂ ಅದನ್ನು ತುಂಬುತ್ತ ಕೂತರೆ ಒಂದು ವಾರ ಬೇಕು ಮಾಸ್ಟ್ರೇ. ಹೇಳಿದಷ್ಟು ಮಾಡಿ. ಸೊನ್ನೆ ಬರೆದು ಮುಂದಿನ ಜಾಗಕ್ಕೆ ಹೋಗಿ."

"ಕಣ್ಣ ಮುಂದ ನಿಂತಾವ್ರಿ ಮೇಡಂ" ಅಂದರು. ನಾನು ಮುಂದಿನ ಜಾಗದ ಹೆಸರು ಹೇಳಿದೆ. "ಆತ್ರಿ, ನೀವು ಹೇಳಿದಂಗ" ಎಂದು ಫೋನು ಇಟ್ಟರು.

ಕಂಪ್ಯೂಟರು ಆ ಸೊನ್ನೆಗಳನ್ನು ಶ್ರದ್ಧೆಯಿಂದ ಕಲಿಯಿತು. ನಕ್ಷೆಯಲ್ಲಿ ಇಡೀ ಗುಡ್ಡ ಮಾಸಲು ಕಂದು ಬಣ್ಣಕ್ಕೆ ತಿರುಗಿತು: ಮರವಿಲ್ಲದ ಪಾಳು ನೆಲ. ಗುಮ್ಮಘಟ್ಟದ ಜಾಲಿ ಮಾತ್ರ ಹಸಿರಾಗಿ ಮೆರೆಯುತ್ತಿತ್ತು. ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಮಾಸ್ಟ್ರು ಕಚೇರಿಗೆ ಬಂದು ಫೋನನ್ನು ನನ್ನ ಕಿವಿಗೆ ಹಿಡಿದರು. ಆ ಕಡೆ ಈರಕ್ಕ. ಆ ಗುಡ್ಡದ ಮಗ್ಗುಲಿನ ಊರಲ್ಲಿ ಕುರಿ ಸಾಕಿಕೊಂಡಿದ್ದ ಹೆಂಗಸು. ಮಾಸ್ಟ್ರು ಅಳತೆಗೆ ಹೋದಾಗ ಮಜ್ಜಿಗೆ ಕೊಟ್ಟು ನಂಬರು ಇಸಿದುಕೊಂಡಿದ್ದಳು.

"ಸ್ವಾಮೀ, ಗುಡ್ಡಕ್ಕೆ ಜನ ಬಂದವ್ರೆ. ಗೂಟ ನೆಡ್ತಾವ್ರೆ. ಬಿಸಿಲಿನ ಕರೆಂಟು ಮಾಡೋ ಪ್ಲೇಟು ಆಕ್ತಾರಂತೆ. ಇಷ್ಟೊಂದು ಮರ ಐತಲ್ಲ ಅಂದ್ರೆ, ಪೇಪರ್ನಾಗೆ ಇಲ್ಲಿ ಒಂದು ಮರಾನೂ ಇಲ್ಲ ಅಂತಾರೆ. ನೀವೇ ಅಳ್ಕೊಂಡ್ ಓಗಿದ್ರಲ್ಲ ಸ್ವಾಮಿ, ಒಸಿ ಬಂದು ಏಳಿ."

ಸೋಲಾರ್ ಪ್ಲೇಟಿಗೆ ಮರವಿಲ್ಲದ ಜಾಗವನ್ನೇ ಆರಿಸಬೇಕೆಂಬ ನಿಯಮವಿತ್ತು, ಆರಿಸಿದ್ದು ನಮ್ಮ ನಕ್ಷೆ ನೋಡಿ. ಮಾಸ್ಟ್ರ ಮುಖ ನೋಡಿದೆ. ನೀವೇ ಹೇಳಿದಿರಲ್ಲ ಎಂದು ಒಂದು ಮಾತು ಅಂದುಬಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕೇಳಿದ್ದು ಇಷ್ಟೇ: "ತಿದ್ದಾಕ ಬರ್ತೈತೇನ್ರಿ?"

ಬರುತ್ತದೆ ಅಂದೆ. ಆಗ ನಾನು ಅದನ್ನು ನಂಬಿದ್ದೆ; ಗೂಟ ನೆಟ್ಟರೂ ಯಂತ್ರಗಳು ಬರಲು ಇನ್ನೂ ವರ್ಷವಿತ್ತು.

ಅಂದಿನಿಂದ ಅವರಿಗೆ ಬೇರೆ ಯೋಚನೆಯೇ ಇರಲಿಲ್ಲ. ರಜೆ ಸಿಕ್ಕಾಗಲೆಲ್ಲ ರಾಯದುರ್ಗದಿಂದ ಹೊರಟು, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ ಮಡಕಶಿರಾ ಸೇರಿ, ಅಲ್ಲಿಂದ ಆಟೋ ಹಿಡಿದು ಗುಡ್ಡಕ್ಕೆ ಹೋಗುವರು. ಮಳೆಗೆ ಚಿಗುರಿದ ಒಂದೊಂದು ಮರವನ್ನೂ ಒಬ್ಬರೇ ಅಳೆದರು. ಟೇಪಿನ ಇನ್ನೊಂದು ತುದಿ ಹಿಡಿಯಲು ಜನವಿಲ್ಲದೆ ಕಲ್ಲು ಹೇರಿ ನಿಲ್ಲಿಸಿಕೊಳ್ಳುತ್ತಿದ್ದರು. ತುಂಬಿದ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದರು. ನಾನು ಅದನ್ನು ಮೇಲಿನವರಿಗೆ ಕಳಿಸಿದೆ. ಅವರು ಒಪ್ಪಲಿಲ್ಲ. ನಕ್ಷೆ ಮಾಡಬೇಕಾದದ್ದು ಬೇಸಿಗೆಯ ಚಿತ್ರದಿಂದಲೇ, ಮಳೆಗಾಲದಲ್ಲಿ ಬೆಳೆಯೂ ಹಸಿರು ಹುಲ್ಲೂ ಹಸಿರು, ಮರ ಯಾವುದೆಂದು ತಿಳಿಯುವುದಿಲ್ಲ ಎಂದರು. ಮಾತು ಸರಿಯಾಗಿಯೇ ಇತ್ತು, ಆ ನಿಯಮ ನಾನೂ ಕಲಿತದ್ದೇ.

ಹಾಗಾದರೆ ಬರುವ ಬೇಸಿಗೆಯಲ್ಲಿ ಆಕಾಶದಿಂದ ನೋಡಿದಾಗ ಮರಗಳ ಮೇಲೆ ಎಲೆ ಇರಬೇಕು. ಎಲೆ ಇರಬೇಕಾದರೆ ಕುರಿಯವರು ಸೊಪ್ಪು ಕಡಿಯಬಾರದು. ಇದನ್ನು ಹೇಳಲು ಮಾಸ್ಟ್ರು ಹೊರಟಾಗ ನಾನೂ ಜೊತೆಗೆ ಹೋದೆ. ಈರಕ್ಕ ಕೇಳಿಸಿಕೊಂಡು ಸಿಡಿದುಬಿಟ್ಟಳು.

"ಏನ್ ಮಾತೂ ಅಂತ ಆಡ್ತೀರ? ಮೇಲಿಂದ ನೋಡೋರ್ಗೆ ಕಾಣ್ಲಿ ಅಂತ ನನ್ ಕುರಿ ಉಪಾಸ ಕೆಡವಾನಾ? ಮರ ನಿಂತೈತೆ, ಕೈಲಿ ಮುಟ್ ನೋಡ್ಲಿ ಬಂದು!"

"ಅವ್ರು ಬರಂಗಿಲ್ಲವ್ವ," ಅಂದರು ಮಾಸ್ಟ್ರು. "ಒಂದ ಒಂದು ಬೇಸಿಗಿ. ನಿನ್ನ ಕಾಲಿಗೆ ಬೀಳ್ತೀನಿ. ತಪ್ಪು ನಂದೈತಿ."

ಅವರು ನಿಜಕ್ಕೂ ಬಗ್ಗಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ತಪ್ಪು ಯಾರದೆಂದು ಗೊತ್ತಿದ್ದವಳು. ಈರಕ್ಕ ಹಿಂದೆ ಸರಿದು, "ಬ್ಯಾಡ ಬ್ಯಾಡ, ದೊಡ್ಡೋರು ನೀವು" ಎಂದು ಅವರ ಕೈ ಹಿಡಿದೆತ್ತಿದಳು. ಉಳಿದ ಮಂದೆಯವರನ್ನೂ ಅವಳೇ ಒಪ್ಪಿಸಿದಳು. ಆ ಬೇಸಿಗೆ ಅವರೆಲ್ಲ ಮಂದೆ ಹೊಡೆದುಕೊಂಡು ಶಿರಾ ಕಡೆಗೆ ಎಷ್ಟೋ ದೂರ ಹೋದರು. ಈರಕ್ಕನ ಮೂರು ಮರಿ ದಾರಿಯಲ್ಲೇ ಸತ್ತವು. ಗುಡ್ಡದ ಒಂದು ಕೊಂಬೆಗೂ ಕುಡುಗೋಲು ತಾಗಲಿಲ್ಲ.

ಮೇ ತಿಂಗಳ ಚಿತ್ರ ಬಂತು. ತೆರೆದು ನೋಡಿದರೆ, ಸುತ್ತಲಿನ ಒಣ ನೆಲದ ನಡುವೆ ಆ ಇಳಿಜಾರು ಹಚ್ಚ ಹಸಿರು. ಮಾಸ್ಟ್ರು ನನ್ನ ಹಿಂದೆ ನಿಂತು ನೋಡುತ್ತಿದ್ದರು. "ಕಂಡ್ವ್ರಿ" ಎಂದರು, ಮತ್ತೆ "ಎಲ್ಲಾ ಕಂಡ್ವ್ರಿ" ಎಂದರು. ಆಮೇಲೆ ಹೊರಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ. ನಾನು ಅವರನ್ನು ಅಷ್ಟು ಸಂತೋಷದಲ್ಲಿ ನೋಡಿದ್ದು ಅದೊಂದೇ ಸಲ.

ಹೊಸ ನಕ್ಷೆ ಹಿಡಿದುಕೊಂಡು ಮಾಸ್ಟ್ರೂ ನಾನೂ ಪ್ಲೇಟಿಗೆ ಜಾಗ ಮಂಜೂರು ಮಾಡುವ ದೊಡ್ಡ ಸರಕಾರಿ ಕಚೇರಿಗೆ ಹೋದೆವು. ಒಳಗೆ ಹೋಗುವ ಮುಂಚೆ ನಮ್ಮ ಸಂಸ್ಥೆಯ ಮುಖ್ಯಸ್ಥರು ನನ್ನನ್ನು ಬದಿಗೆ ಕರೆದರು. "ಹೊಸದನ್ನು ಕೊಡೋಣ, ಬೇಡ ಅನ್ನಲ್ಲ. ಆದರೆ ಹಳೆಯದರಲ್ಲಿ ನಾವೇ ತಪ್ಪು ಹೇಳಿಕೊಟ್ಟಿದ್ದೆವು ಅಂತ ಮಾತ್ರ ನಿಮ್ಮ ಬಾಯಿಂದ ಬರಬಾರದು. ಬಂದರೆ ಇಡೀ ನಕ್ಷೆ ಹೋಗುತ್ತದೆ, ನೀವೂ ಹೋಗುತ್ತೀರಿ" ಎಂದರು. ನಾನು ತಲೆಯಾಡಿಸಿದೆ.

ಅಧಿಕಾರಿ ಒರಟು ಮನುಷ್ಯನೇನಲ್ಲ. ಎರಡೂ ನಕ್ಷೆ ಅಕ್ಕಪಕ್ಕ ಇಟ್ಟುಕೊಂಡು ನಿಧಾನವಾಗಿ ನೋಡಿದರು. ಹೋದ ವರ್ಷ ಸೊನ್ನೆ, ಈ ವರ್ಷ ಗುಡ್ಡದ ತುಂಬ ಮರ, ಯಾವ ಮರ ಒಂದು ವರ್ಷದಲ್ಲಿ ಹೀಗೆ ಬೆಳೆಯುತ್ತದೆ ಎಂದು ಕೇಳಿದರು. ಸೊಪ್ಪು ಸವರುವ ಪದ್ಧತಿಯನ್ನು ನಾನು ವಿವರಿಸಿದೆ. ಅವರು ನಮ್ಮ ಅಳತೆ ಹಾಳೆ ತೆಗೆಸಿದರು. ಸವರಿದ ಮರಗಳಿಗೆ ಅದರಲ್ಲೇ ಬೇರೆ ಕಾಲಂ ಇದೆಯಲ್ಲ, ಅದನ್ನು ಬಿಟ್ಟು ಸೊನ್ನೆ ಯಾಕೆ ಬರೆದಿದ್ದಾರೆ ಎಂದರು. ಆಮೇಲೆ ನಮ್ಮೆಲ್ಲರ ಮುಖ ನೋಡಿ ತೆಲುಗಿನಲ್ಲಿ ಕೇಳಿದರು, "ಇದಿ ಎವರು ರಾಶಾರು?" ಇದನ್ನು ಬರೆದವರು ಯಾರು?

ಬಾಗಿಲ ಬಳಿ ಕೂತಿದ್ದ ಮಾಸ್ಟ್ರು ಎದ್ದು ನಿಂತರು. "ನೇನೇ ಸಾರ್" ಅಂದರು. ನಾನೇ.

ಹೇಳಿ ಕೂರಲಿಲ್ಲ, ನಿಂತೇ ಇದ್ದರು. ಇವರಿಗೆ ಸೊನ್ನೆ ಬರೆಯಲು ಹೇಳಿದವಳು ನಾನು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಉಸಿರು ಸಾಕು. ಮುಖ್ಯಸ್ಥರು ನನ್ನ ಕಡೆ ನೋಡಲಿಲ್ಲ, ಪೆನ್ನು ಮುಚ್ಚಿ ತೆಗೆದು ಮಾಡುತ್ತಿದ್ದರು. ನಾನು ಹಾಳೆಯ ಮೇಲೆ ಕಣ್ಣು ನೆಟ್ಟು ಕೂತೆ. ಕೂತೇ ಇದ್ದೆ.

ಮೊದಲ ಸಲ ಸೂಚನೆ ಪಾಲಿಸದೆ ಬರೆದ ಮನುಷ್ಯನ ಎರಡನೆಯ ಅಳತೆಯನ್ನು ನಂಬುವುದು ಹೇಗೆ ಎಂದರು ಅಧಿಕಾರಿ. ಬೇಸರದಿಂದಲೇ ಹೇಳಿದರು. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನವಾಗುವ ತನಕ ಮೊದಲು ಒಪ್ಪಿದ ನಕ್ಷೆಯೇ ಊರ್ಜಿತ ಎಂದು ಬರೆಸಿದರು. ತೀರ್ಮಾನವಾಗುವುದಕ್ಕೆ ಯಾರೂ ಕಾಯಲಿಲ್ಲ. ಹದಿನೈದು ದಿನದೊಳಗೆ ಗುಡ್ಡಕ್ಕೆ ಯಂತ್ರಗಳು ಬಂದವು.

ಮರ ಬಿದ್ದ ಮೇಲೆ, ಕಡಿದದ್ದಕ್ಕೆ ಬದಲಾಗಿ ಬೇರೆಲ್ಲೋ ಸಸಿ ನೆಡಬೇಕು, ಅದಕ್ಕಾಗಿ ಬೊಡ್ಡೆಗಳ ಪಟ್ಟಿ ಬೇಕು ಎಂದು ಗುತ್ತಿಗೆದಾರ ಆಳು ಹುಡುಕಿದ. ಮಾಸ್ಟ್ರು ತಾವಾಗಿ ಹೋಗಿ ಆ ಕೆಲಸಕ್ಕೆ ಸೇರಿಕೊಂಡರು ಎಂದು ಕೇಳಿದಾಗ ನನಗೆ ತಡೆಯಲಾಗಲಿಲ್ಲ. ಹೋಗಿ ನೋಡಿದರೆ ಬಿಸಿಲಲ್ಲಿ ಮೊಣಕಾಲೂರಿ ಬೊಡ್ಡೆಯ ಸುತ್ತಳತೆ ತೆಗೆಯುತ್ತಿದ್ದಾರೆ. ಇಡೀ ಇಳಿಜಾರಿನಲ್ಲಿ ಕೂರಲು ಒಂದು ನೆರಳಿರಲಿಲ್ಲ.

"ಈ ಕೆಲಸಕ್ಕೆ ನೀವೇ ಬರಬೇಕಾಗಿತ್ತಾ ಮಾಸ್ಟ್ರೇ?" ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ಬ್ಯಾರೇರು ಬಂದ್ರ ದೊಡ್ಡವಷ್ಟ ಬರಕಂಡು ಹೋಗ್ತಾರ್ರಿ. ಸಣ್ಣವು ಬಿಟ್ಟು ಹೋಗ್ತಾವ. ಇವು ಇದ್ವು ಅಂತ ಒಂದು ಹಾಳ್ಯಾಗರ ಇರಬೇಕಲ್ರಿ."

ಆ ಪಟ್ಟಿಯಲ್ಲಿ ಛತ್ರಿಯ ಅಗಲಕ್ಕೆ ಕಾಲಂ ಇರಲಿಲ್ಲ, ಕಡಿದ ಮರಕ್ಕೆ ಯಾರು ಕೇಳುತ್ತಾರೆ? ಮಾಸ್ಟ್ರು ಹಾಳೆಯ ಅಂಚಿನಲ್ಲಿ ತಾವೇ ಗೆರೆ ಎಳೆದು, ಮಳೆಗಾಲದಲ್ಲಿ ತೆಗೆದ ಅಳತೆಗಳನ್ನು ನೋಟ್‌ಬುಕ್ಕಿನಿಂದ ನೋಡಿ ಒಂದೊಂದು ಬೊಡ್ಡೆಯ ಮುಂದೆ ಬರೆಯುತ್ತಿದ್ದರು. ಕಚೇರಿಯವರು ಒಂದು ಪ್ರಶ್ನೆಯನ್ನೂ ಕೇಳದೆ ಪುಟಪುಟಕ್ಕೂ ಮೊಹರು ಹಾಕಿ ತೆಗೆದುಕೊಂಡರಂತೆ. ನಿಂತಿದ್ದಾಗ ಒಂದೂ ಇಲ್ಲ ಅನ್ನಿಸಿಕೊಂಡ ಮರಗಳು ಬಿದ್ದ ಮೇಲೆ ಎಲ್ಲವೂ ದಾಖಲೆಗೆ ಬಂದವು.

ಆಮೇಲೆ ಅವರು ಕೆಲಸಕ್ಕೆ ಬರಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದ್ದರು. ನೋಡಲು ಹೋಗಬೇಕು ಅಂದುಕೊಂಡೇ ದಿನ ತಳ್ಳಿದೆ. ಹೋದದ್ದು ಅವರು ತೀರಿಕೊಂಡ ಹನ್ನೊಂದನೆಯ ದಿನ ಕಳೆದ ಮೇಲೆ. ಅವರ ಹೆಂಡತಿ ನಡುಮನೆಯಲ್ಲಿ ಕೂತು, ಕಾರ್ಖಾನೆಯಿಂದ ಬಂದ ಪ್ಯಾಂಟುಗಳಿಗೆ ಗುಂಡಿ ಹಚ್ಚುತ್ತಿದ್ದರು. ನೀರು ಕೊಟ್ಟರು. ಊಟ ಮಾಡಿ ಹೋಗ್ರಿ ಅಂದರು. ಸುತ್ತಿ ಬಳಸುವ ಶಕ್ತಿ ನನ್ನಲ್ಲಿರಲಿಲ್ಲ.

"ಅಮ್ಮಾ, ಆ ಸೊನ್ನೆ ಬರೆಯಲು ಹೇಳಿದವಳು ನಾನು. ಅವರದು ಏನೂ ತಪ್ಪಿರಲಿಲ್ಲ."

"ಗೊತ್ತೈತ್ರಿ," ಅಂದರು ಅವರು, ಸೂಜಿಯಿಂದ ಕಣ್ಣು ತೆಗೆಯದೆ. "ಬರದ ದಿನಾನ ಬಂದು ಹೇಳಿದ್ರು."

"ಮತ್ತೆ ಕಚೇರಿಯಲ್ಲಿ ಎಲ್ಲರೆದುರು ನಾನೇ ಅಂತ ಯಾಕೆ ಮೈಮೇಲೆ ಹಾಕಿಕೊಂಡರು?"

ಅವರು ದಾರ ಕಡಿದು ಪ್ಯಾಂಟನ್ನು ಮಡಚಿಟ್ಟರು.

"ಮೈಮ್ಯಾಲ ಹಾಕ್ಕಣಾಕ ಅಲ್ರಿ ಮೇಡಂ. ಬರದಾವ ನಾನು ಅಂತ ನಾ ಎದ್ದು ನಿಂತ್ರ, ಬರಸಿದ್ದು ನಾನು ಅಂತ ಮೇಡಂ ಏಳ್ತಾರ, ಮರ ಉಳೀತಾವ ಅಂತ ತಿಳ್ಕಂಡು ನಿಂತಿದ್ರಂತ. ಭಾಳೊತ್ತು ನಿಂತಿದ್ರಂತ್ರಿ."